ಸಂಧಾನಕಾರ ಹೆನ್ರಿ ಕ್ಲೇ

ಹೆನ್ರಿ ಕ್ಲೇ 1777ರ ಏಪ್ರಿಲ್ 12ರಂದು ವರ್ಜೀನಿಯಾದಲ್ಲಿ ಜನಿಸಿದನು. ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಾಲವದು. ಕ್ರೈಸ್ತ ಧರ್ಮೋಪದೇಶಕನಾಗಿದ್ದ ತಂದೆ, ಮಗನಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡನು. ಆ ಮಗುವಿನ ಪಾಲಿಗೆ ಬಂದ ಆಸ್ತಿಯಲ್ಲಿ ಇಬ್ಬರು ಗುಲಾಮರೂ ಇದ್ದರು. ಸ್ವಾತಂತ್ರ್ಯದ ಮಾತೂ ಗುಲಾಮರ ದುಡಿಮೆಯೂ ಒಂದೇ ಸೂರಿನಡಿ ಇದ್ದುದು ಆ ನಾಡಿನ ವಿಪರ್ಯಾಸ. ಕ್ಲೇಯ ಬಾಳಿನ ವಿಪರ್ಯಾಸವೂ ಅದೇ.

ನ್ಯಾಯಶಾಸ್ತ್ರವನ್ನು ಕಲಿತ ಕ್ಲೇ 1797ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಪಟ್ಟಣಕ್ಕೆ ಬಂದು ವಕೀಲಿ ವೃತ್ತಿಯನ್ನು ಹಿಡಿದನು. ಆ ರಾಜ್ಯದ ಸಂವಿಧಾನವನ್ನು ಪರಿಷ್ಕರಿಸುವ ಮಾತು ಬಂದಾಗ, ಗುಲಾಮ ಪದ್ಧತಿಯನ್ನು ಹಂತಹಂತವಾಗಿ ತೊಡೆದುಹಾಕಬೇಕೆಂದು ವಾದಿಸಿದನು. ಅವನ ವಾದಕ್ಕೆ ಮನ್ನಣೆ ದೊರೆಯಲಿಲ್ಲ. ಮುಂದೆ ಸಂಪತ್ತು ಕೂಡಿಬಂದಂತೆ ಅವನ ಹೊಲಗಳಲ್ಲಿಯೂ ಗುಲಾಮರೇ ದುಡಿದರು. ಆದರೆ ಅವನ ವಾಕ್‌ಶಕ್ತಿ ಅಸಾಧಾರಣವಾದುದು. 1811ರಲ್ಲಿ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದ ಮೊದಲ ದಿನವೇ ಅದರ ಅಧ್ಯಕ್ಷನಾಗಿ ಆಯ್ಕೆಯಾದನು.

1819ರ ಕೊನೆಗೆ ಅಮೆರಿಕದಲ್ಲಿ 22 ರಾಜ್ಯಗಳಿದ್ದವು. 11ರಲ್ಲಿ ಗುಲಾಮ ಪದ್ಧತಿಗೆ ಎಡೆಯಿತ್ತು, 11ರಲ್ಲಿ ಇರಲಿಲ್ಲ. ರಾಜ್ಯ ಚಿಕ್ಕದಿರಲಿ ದೊಡ್ಡದಿರಲಿ, ಸೆನೆಟ್ ಸಭೆಯಲ್ಲಿ ಪ್ರತಿಯೊಂದಕ್ಕೂ ಇಬ್ಬರು ಸದಸ್ಯರು. ಹೀಗಾಗಿ ಒಂದು ಹೊಸ ರಾಜ್ಯ ಸೇರಿದರೂ ತಕ್ಕಡಿ ಒಂದು ಕಡೆಗೆ ವಾಲುತ್ತಿತ್ತು. ಗುಲಾಮರಿದ್ದ ಮಿಸೌರಿ ಪ್ರಾಂತ ರಾಜ್ಯದ ಸ್ಥಾನವನ್ನು ಬೇಡಿದಾಗ ಉತ್ತರದವರೂ ದಕ್ಷಿಣದವರೂ ಕಾದಾಡಿದರು. ಆಗ ಮೆಸಾಚುಸೆಟ್ಸ್ ರಾಜ್ಯದ ಭಾಗವಾಗಿದ್ದ ಮೇನ್ ಪ್ರದೇಶವನ್ನು ಬೇರ್ಪಡಿಸಿ, ಗುಲಾಮರಿಲ್ಲದ ರಾಜ್ಯವನ್ನಾಗಿ ಮಿಸೌರಿಗೆ ಜೊತೆಗೂಡಿಸಲಾಯಿತು. ಫ್ರಾನ್ಸಿನಿಂದ 1803ರಲ್ಲಿ ಕೊಂಡ ವಿಶಾಲ ಭೂಭಾಗದಲ್ಲಿ, ಮಿಸೌರಿಯೊಂದನ್ನು ಬಿಟ್ಟು, 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮ ಪದ್ಧತಿಯನ್ನು ನಿಷೇಧಿಸಲಾಯಿತು. ಈ ಗೆರೆಯನ್ನು ಸೂಚಿಸಿದವನು ಕ್ಲೇ ಅಲ್ಲ. ಆದರೆ 1820ರಲ್ಲಿ ಪ್ರತಿನಿಧಿ ಸಭೆಯನ್ನು ಅದಕ್ಕೆ ಒಪ್ಪಿಸಿದವರಲ್ಲಿ ಅವನೇ ಮುಖ್ಯನು. ಸಂಧಾನಕಾರನೆಂಬ ಕೀರ್ತಿ ಅವನನ್ನು ಅರಸಿಬಂದಿತು. ಯಾರ ಬದುಕನ್ನು ತೂಗಿ ಹಂಚಲಾಯಿತೋ ಆ ಗುಲಾಮರನ್ನು ಮಾತ್ರ ಯಾರೂ ಕೇಳಲಿಲ್ಲ.

ಕ್ಲೇಯ ಮನೆಯಲ್ಲಿಯೇ ಒಬ್ಬಳು ಕೇಳದೆ ಬಿಡಲಿಲ್ಲ. ಅವನು ವಿದೇಶಾಂಗ ಕಾರ್ಯದರ್ಶಿಯ ಪದವಿಯನ್ನು ತೊರೆದು ವಾಷಿಂಗ್ಟನ್ನಿನಿಂದ ಹೊರಡುತ್ತಿದ್ದ 1829ರಲ್ಲಿ, ಷಾರ್ಲೆಟ್ ಡುಪುಯಿ ಎಂಬ ದಾಸಿ ತನ್ನ ಮತ್ತು ಮಕ್ಕಳ ಬಿಡುಗಡೆಗಾಗಿ ಒಡೆಯನ ಮೇಲೆಯೇ ದಾವೆ ಹೂಡಿದಳು. ನ್ಯಾಯಾಲಯದಲ್ಲಿ ಸೋತ ಆಕೆ ಸೆರೆಮನೆಯನ್ನೂ ಕಂಡಳು. ಕ್ಲೇ ಆಕೆಯನ್ನು ಬಿಡುಗಡೆ ಮಾಡಿದ್ದು 1840ರಲ್ಲಿ.

ರಾಷ್ಟ್ರಾಧ್ಯಕ್ಷ ಪದವಿಗೆ ಅವನು ಮೂರು ಬಾರಿ ಸ್ಪರ್ಧಿಸಿ ಮೂರು ಬಾರಿಯೂ ಸೋತನು. 1850ರ ವೇಳೆಗೆ ಎಪ್ಪತ್ತು ದಾಟಿದ್ದ ಅವನು ಕೆಮ್ಮಿನಿಂದ ಬಳಲುತ್ತಿದ್ದರೂ ಸೆನೆಟ್ ಸದಸ್ಯನಾಗಿದ್ದನು. ಚಿನ್ನ ದೊರೆತು ಜನರಿಂದ ತುಂಬಿಹೋಗಿದ್ದ ಕ್ಯಾಲಿಫೋರ್ನಿಯ, ಗುಲಾಮರಿಲ್ಲದ ರಾಜ್ಯವಾಗಿ ಸೇರಲು ಮುಂದೆ ಬಂದಿತು. ಆಗ ರಾಜ್ಯಗಳು ಎರಡೂ ಕಡೆ ಹದಿನೈದು ಹದಿನೈದು. ಕ್ಲೇ ಮತ್ತೆ ತಕ್ಕಡಿಯನ್ನು ಹಿಡಿದನು. ಉತ್ತರಕ್ಕೆ ಕ್ಯಾಲಿಫೋರ್ನಿಯ, ದಕ್ಷಿಣಕ್ಕೆ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಠಿಣ ಶಾಸನ. ಎಲ್ಲವನ್ನೂ ಒಂದೇ ಮಸೂದೆಯಾಗಿ ಕಟ್ಟಿದ ಅವನ ಯತ್ನ ಜುಲೈ ಕೊನೆಯಲ್ಲಿ ಮುರಿದುಬಿದ್ದಿತು. ಸ್ಟೀಫನ್ ಡಗ್ಲಸ್ ಎಂಬ ಕಿರಿಯ ಸದಸ್ಯನು ಅದನ್ನು ಬಿಡಿಬಿಡಿಯಾಗಿ ಮಂಡಿಸಿ ಗೆಲ್ಲಿಸಿದನು. ಆ ಶಾಸನದ ಪ್ರಕಾರ, ಹಿಡಿದು ತಂದವನು ಗುಲಾಮನೆಂದು ತೀರ್ಪಿತ್ತ ಅಧಿಕಾರಿಗೆ ಹತ್ತು ಡಾಲರು ಶುಲ್ಕ; ಅಲ್ಲವೆಂದು ತೀರ್ಪಿತ್ತರೆ ಐದೇ ಡಾಲರು! ಹಿಡಿಯಲ್ಪಟ್ಟವನಿಗೆ ಸಾಕ್ಷ್ಯ ನುಡಿಯುವ ಹಕ್ಕಿರಲಿಲ್ಲ. ಒಕ್ಕೂಟ ಒಡೆಯಬಾರದೆಂಬ ಕ್ಲೇಯ ಕಾಳಜಿ ಪ್ರಾಮಾಣಿಕವಾದುದೇ; ಆದರೆ ಅದರ ಬೆಲೆಯನ್ನು ತೆತ್ತವರು ಬೇರೆಯವರು.

1852ರ ಜೂನ್ 29ರಂದು ಕ್ಲೇ ಕ್ಷಯರೋಗದಿಂದ ವಾಷಿಂಗ್ಟನ್ನಿನಲ್ಲಿ ಮರಣ ಹೊಂದಿದನು. ಅವನನ್ನು ಗುರುವಿನಂತೆ ಕಾಣುತ್ತಿದ್ದ ಇಲಿನಾಯ್ ರಾಜ್ಯದ ವಕೀಲ ಅಬ್ರಹಾಂ ಲಿಂಕನ್ ಶ್ರದ್ಧಾಂಜಲಿ ಭಾಷಣವನ್ನು ಮಾಡಿದನು. ಎರಡೇ ವರ್ಷಗಳಲ್ಲಿ ಡಗ್ಲಸನ ಮಸೂದೆಯೊಂದು 1820ರ ಗೆರೆಯನ್ನು ಅಳಿಸಿತು. 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು.

1850ರ ಜನವರಿ 1ರ ಅನಂತರ ತನ್ನ ದಾಸಿಯರಿಗೆ ಹುಟ್ಟುವ ಗಂಡುಮಕ್ಕಳಿಗೆ 28ನೆಯ ವಯಸ್ಸಿನಲ್ಲಿ, ಹೆಣ್ಣುಮಕ್ಕಳಿಗೆ 25ನೆಯ ವಯಸ್ಸಿನಲ್ಲಿ ಬಿಡುಗಡೆಯೆಂದು ಕ್ಲೇ ಉಯಿಲು ಬರೆದಿಟ್ಟಿದ್ದನು. ಆ ವಾಯಿದೆಯ ಪ್ರಕಾರ ಮೊದಲ ಮಗು ಬಿಡುಗಡೆ ಹೊಂದಬೇಕಾದುದು 1875ರಲ್ಲಿ. ಸಂವಿಧಾನದ 13ನೆಯ ತಿದ್ದುಪಡಿ 1865ರಲ್ಲಿಯೇ ದೇಶದ ಗುಲಾಮರೆಲ್ಲರನ್ನೂ ಬಿಡುಗಡೆ ಮಾಡಿತು.