ಎರಡು ಕಣ್ಣು, ಒಂದು ನೋಟ

ಭೌತಶಾಸ್ತ್ರವನ್ನು ಓದಿದವರಿಗೆ ಚಾರ್ಲ್ಸ್ ವೀಟ್‌ಸ್ಟನ್ನನ ಹೆಸರು ಹೊಸದಲ್ಲ. ವಿದ್ಯುತ್ತಿನ ರೋಧವನ್ನು ಅಳೆಯುವ ವೀಟ್‌ಸ್ಟನ್ ಸೇತುವೆಯನ್ನು ಒಮ್ಮೆಯಾದರೂ ಜೋಡಿಸದೆ ಕಾಲೇಜಿನ ಪ್ರಯೋಗಶಾಲೆಯನ್ನು ದಾಟಿದ ವಿದ್ಯಾರ್ಥಿ ವಿರಳ. ನಾನು ಆತನ ಹೆಸರನ್ನು ಮೊದಲು ಅರಿತದ್ದೂ ಅಲ್ಲಿಯೇ. ಬಹುಕಾಲದ ಮೇಲೆ ಆತನ ಜೀವನವನ್ನು ಓದಿದಾಗ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಆ ಸೇತುವೆ ಆತನದಲ್ಲ! ಅದನ್ನು 1833ರಲ್ಲಿ ವಿವರಿಸಿದವನು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843ರಲ್ಲಿ ಅದನ್ನು ಬಳಕೆಗೆ ತಂದ ವೀಟ್‌ಸ್ಟನ್ನನು ಕ್ರಿಸ್ಟಿಯ ಹೆಸರನ್ನು ಮರೆಮಾಚಲಿಲ್ಲ. ಲೋಕವೇ ಅದನ್ನು ಮರೆಯಿತು. ಹಾಗೆಯೇ, ನಿಜವಾಗಿ ಆತನದಾಗಿದ್ದ ಒಂದು ವಿದ್ಯೆಯನ್ನು ಲೋಕವು ಆತನ ಹೆಸರಿಲ್ಲದೆಯೇ ಅನುಭವಿಸಿತು. ಸಮತಟ್ಟಾದ ಎರಡು ಚಿತ್ರಗಳಿಂದ ಆಳವುಳ್ಳ ದೃಶ್ಯವೊಂದನ್ನು ಕಣ್ಣೆದುರು ನಿಲ್ಲಿಸುವ ವಿದ್ಯೆ ಅದು.

ವೀಟ್‌ಸ್ಟನ್ನನು 1802ರ ಫೆಬ್ರವರಿ 6ರಂದು ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದ ಬಳಿ ಜನಿಸಿದನು. ಮನೆತನದ ಕಸುಬು ಸಂಗೀತವಾದ್ಯಗಳ ವ್ಯಾಪಾರ. ಹುಡುಗನು ಲಂಡನ್ನಿನಲ್ಲಿದ್ದ ಚಿಕ್ಕಪ್ಪನ ವಾದ್ಯದಂಗಡಿಯಲ್ಲಿ ಕೆಲಸ ಕಲಿತನು. 1821ರಲ್ಲಿ ಆತನು ಚಾವಣಿಯಿಂದ ತೂಗಬಿಟ್ಟ ಒಂದು ವೀಣೆಯನ್ನು ಪ್ರದರ್ಶಿಸಿದನು. ಯಾರೂ ಮುಟ್ಟದಿದ್ದರೂ ಅದು ತಾನೇ ನುಡಿಯುವಂತೆ ತೋರುತ್ತಿದ್ದಿತು. ಮೇಲಿನ ಕೋಣೆಯಲ್ಲಿ ನುಡಿಸಿದ ವಾದ್ಯದ ನಾದವು ತಂತಿಯ ಮೂಲಕ ಇಳಿದು ಬರುತ್ತಿದ್ದುದೇ ಅದರ ಗುಟ್ಟು. ನೋಡುವವರನ್ನು ಸೋಜಿಗಗೊಳಿಸುವುದು, ಆ ಸೋಜಿಗದ ಹಿಂದಿನ ನಿಯಮವನ್ನು ಅರಸುವುದು, ಇವೆರಡೂ ಆತನಲ್ಲಿ ಕೊನೆಯವರೆಗೂ ಜೊತೆಯಾಗಿದ್ದವು. 1834ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಆತನನ್ನು ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಆದರೆ ಸಭೆಯ ಮುಂದೆ ನಿಂತು ಮಾತನಾಡುವುದೆಂದರೆ ಆತನಿಗೆ ವಿಪರೀತ ಸಂಕೋಚ. ಆತನ ಸಂಶೋಧನೆಗಳನ್ನು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭಿಕರಿಗೆ ವಿವರಿಸಿದವನು ಗೆಳೆಯನಾದ ಮೈಕೇಲ್ ಫ್ಯಾರಡೆ.

ಒಂದು ಕಣ್ಣನ್ನು ಮುಚ್ಚಿ ಸೂಜಿಗೆ ದಾರ ಪೋಣಿಸಲು ಯತ್ನಿಸಿದವರಿಗೆ ಎರಡನೆಯ ಕಣ್ಣಿನ ಬೆಲೆ ತಿಳಿಯುತ್ತದೆ. ನಮ್ಮ ಕಣ್ಣುಗಳ ನಡುವೆ ಸುಮಾರು ಎರಡೂವರೆ ಅಂಗುಲದ ಅಂತರವಿದೆ. ಆದುದರಿಂದ ಹತ್ತಿರದ ವಸ್ತುವನ್ನು ಎರಡೂ ಕಣ್ಣುಗಳು ಒಂದೇ ಬಗೆಯಾಗಿ ಕಾಣಲಾರವು. ಈ ವ್ಯತ್ಯಾಸವು ಪ್ರಾಚೀನರಿಗೂ ತಿಳಿದಿದ್ದಿತು. ಆದರೆ ಆ ವ್ಯತ್ಯಾಸವೇ ಆಳದ ಅರಿವಿಗೆ ಕಾರಣವೆಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದವನು ವೀಟ್‌ಸ್ಟನ್. 1838ರ ಜೂನ್ 21ರಂದು ರಾಯಲ್ ಸೊಸೈಟಿಯ ಮುಂದೆ ಬಂದ ಪ್ರಬಂಧದಲ್ಲಿ ಆತನು ತನ್ನ ಉಪಕರಣವನ್ನು ವಿವರಿಸಿದನು. ಎರಡು ಕನ್ನಡಿಗಳನ್ನು ಒಂದಕ್ಕೊಂದು ಲಂಬಕೋನದಲ್ಲಿ ನಿಲ್ಲಿಸಿ, ಎಡಬಲಗಳಲ್ಲಿ ಒಂದೊಂದು ಚಿತ್ರವನ್ನಿಟ್ಟರೆ ಪ್ರತಿಯೊಂದು ಕಣ್ಣಿಗೂ ತನ್ನ ಪಾಲಿನ ಚಿತ್ರ ಮಾತ್ರ ಕಾಣುತ್ತದೆ. ಮನಸ್ಸು ಎರಡನ್ನೂ ಬೆಸೆಯುತ್ತದೆ. ಕಾಗದದ ಮೇಲಿನ ಗೆರೆಗಳು ಘನವಸ್ತುವಾಗಿ ಎದ್ದು ನಿಲ್ಲುತ್ತವೆ. ಘನವನ್ನು ಕಾಣಿಸುವುದೆಂಬ ಅರ್ಥದ ಗ್ರೀಕ್ ಪದಗಳಿಂದ ಆತನು ಇದಕ್ಕೆ ಸ್ಟೀರಿಯೊಸ್ಕೋಪ್ ಎಂದು ಹೆಸರಿಟ್ಟನು.

ಆಗ ಛಾಯಾಚಿತ್ರಕಲೆ ಇನ್ನೂ ಜನರ ಮುಂದೆ ಬಂದಿರಲಿಲ್ಲ. ಆತನು ಬಳಸಿದುದು ಬರಿಯ ಗೆರೆಯ ಚಿತ್ರಗಳನ್ನು. ನೆರಳುಬೆಳಕಿನ ಛಾಯೆಯನ್ನು ಸೇರಿಸಿದ್ದರೆ, ಆಳದ ಭ್ರಮೆಗೆ ಆ ಛಾಯೆಯೇ ಕಾರಣವೆಂದು ಯಾರಾದರೂ ವಾದಿಸಬಹುದಾಗಿದ್ದಿತು. ಮರುವರ್ಷ, 1839ರಲ್ಲಿ, ಪ್ಯಾರಿಸ್ಸಿನಲ್ಲಿ ಡಾಗೆರ್, ಲಂಡನ್ನಿನಲ್ಲಿ ಟಾಲ್ಬಟ್ ತಮ್ಮ ವಿಧಾನಗಳನ್ನು ಪ್ರಕಟಿಸಿದರು. ವೀಟ್‌ಸ್ಟನ್ನನು ತಡಮಾಡದೆ ಟಾಲ್ಬಟ್ಟನಿಂದಲೂ ಇತರರಿಂದಲೂ ವಿಗ್ರಹಗಳ, ಕಟ್ಟಡಗಳ, ವ್ಯಕ್ತಿಗಳ ಜೋಡಿಚಿತ್ರಗಳನ್ನು ತೆಗೆಸಿದನು. ಕ್ಯಾಮೆರಾವನ್ನು ತುಸು ಪಕ್ಕಕ್ಕೆ ಸರಿಸಿ ಎರಡನೆಯ ಚಿತ್ರವನ್ನು ತೆಗೆದರಾಯಿತು. ಸಾಮಾನ್ಯ ಛಾಯಾಚಿತ್ರಗಳೆರಡು ಸೇರಿ, ಹೊಕ್ಕು ನಡೆಯಬಹುದೆನಿಸುವಂಥ ದೃಶ್ಯವಾಗುತ್ತಿದ್ದವು.

ಕನ್ನಡಿಯ ಉಪಕರಣ ಗಾತ್ರದಲ್ಲಿ ದೊಡ್ಡದು. 1849ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಮಸೂರಗಳನ್ನು ಬಳಸಿ ಕೈಯಲ್ಲಿ ಹಿಡಿಯಬಲ್ಲ ಪೆಟ್ಟಿಗೆಯನ್ನು ರೂಪಿಸಿದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿದ ಮೇಲೆ ಅದು ಮನೆಮನೆಯನ್ನು ಹೊಕ್ಕಿತು. ಅಷ್ಟರಿಂದ ತೃಪ್ತನಾಗದ ಬ್ರೂಸ್ಟರನು, ಮೂಲ ಕಲ್ಪನೆಯೂ ವೀಟ್‌ಸ್ಟನ್ನನದಲ್ಲವೆಂದು 1856ರಲ್ಲಿ ಪತ್ರಿಕೆಯಲ್ಲಿ ವಾದ ಹೂಡಿದನು. ಸಭೆಯಲ್ಲಿ ಮಾತು ಬಾರದ ವೀಟ್‌ಸ್ಟನ್ನನು ಈ ಬಾರಿ ಲೇಖನಿಯನ್ನು ಹಿಡಿದು ಉತ್ತರ ಕೊಟ್ಟನು. ದಾಖಲೆಯೂ ಆತನ ಪಕ್ಷದಲ್ಲಿದ್ದಿತು. ಹರ್ಬರ್ಟ್ ಮೇಯೊ ಎಂಬ ವೈದ್ಯನು 1833ರಲ್ಲಿ ಪ್ರಕಟವಾದ ತನ್ನ ಶರೀರಶಾಸ್ತ್ರದ ಗ್ರಂಥದಲ್ಲಿಯೇ ವೀಟ್‌ಸ್ಟನ್ನನ ಈ ಶೋಧವನ್ನು ಉಲ್ಲೇಖಿಸಿದ್ದನು.

ಇಂಥ ಅದಲುಬದಲು ಆತನ ಬಾಳಿನಲ್ಲಿ ಇನ್ನೊಮ್ಮೆ ನಡೆಯಿತು. 1854ರಲ್ಲಿ ಆತನು ರಚಿಸಿದ ಗೂಢಲಿಪಿಯು, ಅದನ್ನು ಪ್ರಚಾರಮಾಡಿದ ಗೆಳೆಯ ಪ್ಲೇಫೇರನ ಹೆಸರಿನಲ್ಲಿ ಉಳಿಯಿತು. 1868ರಲ್ಲಿ ಸರ್ ಪದವಿ ದೊರೆಯಿತು. 1875ರ ಅಕ್ಟೋಬರ್ 19ರಂದು, ಪ್ಯಾರಿಸ್ಸಿಗೆ ಹೋಗಿದ್ದಾಗ, ಆತನು ಕಾಲವಾದನು.

ಇಂದು ಗಣಕಯಂತ್ರಗಳು ಒಂದೇ ಸ್ಥಳದ ಹಲವು ಸಾಮಾನ್ಯ ಛಾಯಾಚಿತ್ರಗಳನ್ನು ಹೋಲಿಸಿ, ಒಂದೇ ಬಿಂದು ಒಂದೊಂದರಲ್ಲಿ ಎಷ್ಟು ಸರಿದಿದೆಯೆಂದು ಲೆಕ್ಕಹಾಕಿ, ಆ ಸ್ಥಳದ ಆಳ ಎತ್ತರಗಳನ್ನು ಮತ್ತೆ ಕಟ್ಟಿಕೊಡುತ್ತವೆ. ಕಣ್ಣಿಗೆ ಕಟ್ಟಿಕೊಳ್ಳುವ ಹೊಸ ಉಪಕರಣಗಳು ಎರಡು ಕಣ್ಣಿಗೂ ಬೇರೆಬೇರೆ ಚಿತ್ರವನ್ನು ತೋರಿಸುತ್ತವೆ. ಇವೆಲ್ಲಕ್ಕೂ ಬುನಾದಿ 1838ರ ಆ ಪ್ರಬಂಧ. ಆದರೂ ನಮ್ಮ ಪಾಠಗಳಲ್ಲಿ ವೀಟ್‌ಸ್ಟನ್ನನು ತನ್ನದಲ್ಲದ ಸೇತುವೆಯ ಮೇಲೆಯೇ ನಿಂತಿದ್ದಾನೆ. ಆ ಸೇತುವೆಯನ್ನು ಬೋಧಿಸುವ ಅಧ್ಯಾಪಕರು ಅದೇ ದಿನ ಕ್ರಿಸ್ಟಿಯ ಹೆಸರನ್ನು ಹೇಳಿ, ಎರಡು ಛಾಯಾಚಿತ್ರಗಳನ್ನು ವಿದ್ಯಾರ್ಥಿಗಳ ಕೈಯಲ್ಲಿಟ್ಟರೆ, ಇಬ್ಬರ ಋಣವೂ ತುಸು ತೀರೀತೆಂದು ನನ್ನ ನಂಬಿಕೆ.