ಶ್ರೀ ಎಂ. ಜಿ. ರಾಮಚಂದ್ರನ್

ನಾವು ನೆಲೆನಿಂತಿರುವ ತಮಿಳುನಾಡಿನಲ್ಲಿ ಶ್ರೀ ಎಂ. ಜಿ. ರಾಮಚಂದ್ರನ್ ಅವರಷ್ಟು ಜನಪ್ರೀತಿಯನ್ನು ಗಳಿಸಿದವರು ವಿರಳ. ಅವರೂ ಹೊರಗಿನಿಂದ ಬಂದವರೇ. ಮಲಯಾಳಿ ಮನೆತನದ ಅವರು 1917ರ ಜನವರಿ 17ರಂದು ಸಿಂಹಳದ ನಾವಲಪಿಟಿಯದಲ್ಲಿ ಜನಿಸಿದರು. ಎಳವೆಯಲ್ಲೇ ತಂದೆ ತೀರಿಕೊಂಡರು. ತಾಯಿ ಸತ್ಯಭಾಮೆಯವರು ಇಬ್ಬರು ಗಂಡುಮಕ್ಕಳೊಡನೆ ಕುಂಭಕೋಣಕ್ಕೆ ಬಂದು ಕಡುಬಡತನದಲ್ಲಿ ಬಾಳಿದರು. ಹೊಟ್ಟೆಪಾಡಿಗಾಗಿ ಬಾಲಕನು ನಾಟಕ ಕಂಪನಿಯನ್ನು ಸೇರಿದನು. 1936ರಲ್ಲಿ ಚಲನಚಿತ್ರದಲ್ಲಿ ಸಣ್ಣ ಪಾತ್ರ ದೊರೆಯಿತು; ನಾಯಕಪಾತ್ರಕ್ಕೆ 1947ರವರೆಗೆ ಕಾಯಬೇಕಾಯಿತು. ತರುವಾಯ ಬಡವರ ಪರ ಹೋರಾಡುವ ವೀರನ ಪಾತ್ರಗಳಿಂದ ಮನೆಮಾತಾದರು.

1953ರಲ್ಲಿ ಅವರು ಅಣ್ಣಾದುರೈಯವರ ದ್ರಾವಿಡ ಮುನ್ನೇತ್ರ ಕಳಗವನ್ನು ಸೇರಿದರು. 1967ರ ಜನವರಿಯಲ್ಲಿ ಸಹನಟರೊಬ್ಬರು ಹಾರಿಸಿದ ಗುಂಡು ಕುತ್ತಿಗೆಗೆ ತಗಲಿತು. ಆಸ್ಪತ್ರೆಯಲ್ಲಿದ್ದುಕೊಂಡೇ ಅವರು ಶಾಸನಸಭೆಗೆ ಗೆದ್ದುಬಂದರು. 1969ರಲ್ಲಿ ಅಣ್ಣಾದುರೈ ಕಾಲವಾದಾಗ ಕರುಣಾನಿಧಿಯವರನ್ನು ಬೆಂಬಲಿಸಿದರು. ಆದರೆ ಪಕ್ಷದ ಖಜಾಂಚಿಯಾಗಿ 1972ರಲ್ಲಿ ಹಣದ ಲೆಕ್ಕ ಕೇಳಿದ್ದರಿಂದ ಉಚ್ಚಾಟಿತರಾದರು. ಅದೇ ಅಕ್ಟೋಬರಿನಲ್ಲಿ ಅಣ್ಣಾದುರೈಯವರ ಹೆಸರಿನಲ್ಲೇ ಹೊಸ ಪಕ್ಷ ಕಟ್ಟಿ, 1977ರಲ್ಲಿ ಮುಖ್ಯಮಂತ್ರಿಗಳಾದರು. 1982ರಲ್ಲಿ ಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನು ವಿಸ್ತಾರವಾಗಿ ಜಾರಿಗೆ ತಂದರು. ಹಸಿವನ್ನು ಅವರು ಸ್ವತಃ ಬಲ್ಲವರು. 1984ರಲ್ಲಿ ಅಸ್ವಸ್ಥರಾಗಿ ಅಮೆರಿಕದ ಆಸ್ಪತ್ರೆಯಲ್ಲಿದ್ದಾಗಲೂ ಜನರು ಅವರನ್ನೇ ಗೆಲ್ಲಿಸಿದರು.

ಇಷ್ಟೆಲ್ಲ ಇದ್ದರೂ, ಪಕ್ಷದ ಲೆಕ್ಕ ಕೇಳಿದ ಆ ಮಹನೀಯರು ತಮ್ಮ ತರುವಾಯ ಯಾರು ಎಂಬುದನ್ನು ಹೇಳಿರಲಿಲ್ಲ. 1987ರ ಡಿಸೆಂಬರ್ 24ರಂದು ಅವರು ತೀರಿಕೊಂಡಾಗ ಪಕ್ಷ ಎರಡಾಯಿತು. ಹೆಚ್ಚಿನ ಶಾಸಕರು ಪತ್ನಿ ಜಾನಕಿಯವರ ಕಡೆ ನಿಂತು ಅವರನ್ನು ಮುಖ್ಯಮಂತ್ರಿ ಮಾಡಿದರು. ಆ ಸರ್ಕಾರ ಒಂದು ತಿಂಗಳೂ ಬಾಳಲಿಲ್ಲ. ಇನ್ನೊಂದು ಬಣದ ನಾಯಕಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಶವಯಾತ್ರೆಯ ವಾಹನದಿಂದಲೇ ಅವರನ್ನು ಕೆಳಗೆ ತಳ್ಳಿದ್ದರು. 1989ರ ಚುನಾವಣೆಯಲ್ಲಿ ಎರಡೆಲೆಯ ಚಿಹ್ನೆ ಇಬ್ಬರಿಗೂ ಸಿಗಲಿಲ್ಲ. ಅಧಿಕಾರ ಕರುಣಾನಿಧಿಯವರಿಗೆ ಹೋಯಿತು. ಜಾನಕಿಯವರು ತಾವೇ ಸೋತರು. ಜಯಲಲಿತಾ ಬಣಕ್ಕೆ 27 ಸ್ಥಾನಗಳು ದೊರೆತವು. ಬಳಿಕ ಬಣಗಳು ಒಂದಾದವು, ಚಿಹ್ನೆ ಮರಳಿ ಬಂತು, 1991ರಲ್ಲಿ ಜಯಲಲಿತಾ ಮುಖ್ಯಮಂತ್ರಿಗಳಾದರು.

ಬ್ಯಾಂಕಿನ ಠೇವಣಿಗೆ ವಾರಸುದಾರರ ಹೆಸರನ್ನು ಬರೆಸಬಹುದು. ಜನರ ನಿಷ್ಠೆಗೆ ಹಾಗಲ್ಲ. ಅದು ಬಂಧುತ್ವದಿಂದಾಗಲಿ ಶಾಸಕರ ಸಹಿಯಿಂದಾಗಲಿ ಕೈಬದಲಾಗುವುದಿಲ್ಲ. ಆದರೂ ನಾಯಕರಾದವರು ತಮ್ಮ ನಂತರದ ವ್ಯವಸ್ಥೆಯನ್ನು ಮಾಡಿಟ್ಟುಹೋಗುವುದು ಅನುಯಾಯಿಗಳಿಗೆ ಸಲ್ಲಿಸಬೇಕಾದ ಋಣ. ಮೆರೀನಾ ಕಡಲತೀರದಲ್ಲಿ ಅಣ್ಣಾದುರೈಯವರ ಬಳಿಯಲ್ಲೇ ಇರುವ ಅವರ ಸಮಾಧಿಗೆ ನಮಿಸುವಾಗ, ಸಂಘಸಂಸ್ಥೆಗಳನ್ನು ನಡೆಸುವ ನಾವೂ ಈ ಮಾತನ್ನು ನೆನೆಯುವುದು ಒಳ್ಳೆಯದು.