ಮ್ಯಾರಥಾನ್ ಓಟಗಾರ ಯೂರಿ ಲೋಸ್‌ಮನ್

ಓಟದಲ್ಲಿ ಮೊದಲಿಗನಾದವನ ಹೆಸರನ್ನು ಲೋಕವು ನೆನಪಿನಲ್ಲಿಡುತ್ತದೆ. ಎರಡನೆಯವನನ್ನು ಬೇಗನೆ ಮರೆತುಬಿಡುತ್ತದೆ. ಆದರೆ ಎರಡನೆಯವನಾಗಿ ಬಂದೂ ತನ್ನ ನಾಡಿನ ಹೆಸರನ್ನು ಲೋಕಕ್ಕೆ ತಿಳಿಯಪಡಿಸಿದ ಓಟಗಾರನೊಬ್ಬನಿದ್ದನು. ಆತನೇ ಎಸ್ಟೋನಿಯಾ ದೇಶದ ಯೂರಿ ಲೋಸ್‌ಮನ್.

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಫಿನ್ಲೆಂಡಿಗೆ ದಕ್ಷಿಣದಲ್ಲಿರುವ ಎಸ್ಟೋನಿಯಾ ಬಹು ಚಿಕ್ಕ ದೇಶ. 1891ರ ಫೆಬ್ರವರಿ 4ರಂದು ಲೋಸ್‌ಮನ್ ಹುಟ್ಟಿದಾಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕೂಟದಲ್ಲಿ ಮಾರ್ಟಿನ್ ಕ್ಲೈನ್ ಎಂಬ ಎಸ್ಟೋನಿಯದ ಮಲ್ಲನು ಬೆಳ್ಳಿಯ ಪದಕವನ್ನು ಗೆದ್ದರೂ ಅದು ರಷ್ಯದ ಲೆಕ್ಕಕ್ಕೇ ಸೇರಿತು. ಮುಂದಿನ ಕೂಟವು 1916ರಲ್ಲಿ ಬರ್ಲಿನ್ ನಗರದಲ್ಲಿ ಜರುಗಬೇಕಾಗಿತ್ತು. ಮಹಾಯುದ್ಧವು ಅದನ್ನು ನುಂಗಿಹಾಕಿತು. ಹೀಗೆ ಲೋಸ್‌ಮನ್ನನ ತಾರುಣ್ಯದ ಉತ್ತಮ ವರ್ಷಗಳು ಯುದ್ಧದ ಪಾಲಾದುವು.

1918ರ ಫೆಬ್ರವರಿ 24ರಂದು ಎಸ್ಟೋನಿಯಾ ತನ್ನ ಸ್ವಾತಂತ್ರ್ಯವನ್ನು ಘೋಷಿಸಿತು. ಅದನ್ನು ಉಳಿಸಿಕೊಳ್ಳಲು ಹೋರಾಡಿ, 1920ರ ಫೆಬ್ರವರಿ 2ರಂದು ತಾರ್ತು ನಗರದಲ್ಲಿ ರಷ್ಯದೊಡನೆ ಒಪ್ಪಂದ ಮಾಡಿಕೊಂಡಿತು. ಇದಾದ ಆರೇ ತಿಂಗಳಿಗೆ ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕೂಟವು ನೆರೆಯಿತು. ಎಸ್ಟೋನಿಯಾ ಮೊಟ್ಟಮೊದಲ ಬಾರಿಗೆ ತನ್ನದೇ ಹೆಸರಿನಲ್ಲಿ ಕಣಕ್ಕಿಳಿಯಿತು.

ಆಗಸ್ಟ್ 22ರಂದು ಮ್ಯಾರಥಾನ್ ಓಟ. ಇಂದು ಈ ಓಟದ ದೂರ 42.195 ಕಿಲೋಮೀಟರು; ಆಂಟ್ವರ್ಪಿನಲ್ಲಾದರೋ ಅದು 42.75 ಕಿಲೋಮೀಟರಿನಷ್ಟಿತ್ತು. ಒಲಿಂಪಿಕ್ ಚರಿತ್ರೆಯಲ್ಲಿ ಅದಕ್ಕಿಂತ ದೀರ್ಘವಾದ ಮ್ಯಾರಥಾನ್ ಮತ್ತೊಂದಿಲ್ಲ. ಲೋಸ್‌ಮನ್ನನಿಗೆ ಎದುರಾಳಿಯಾಗಿ ದೊರೆತವನು ಸಾಮಾನ್ಯನಲ್ಲ. 1912ರಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನನ್ ಆತನು. ಎರಡು ಗಂಟೆಗೂ ಮಿಕ್ಕಿದ ಓಟದ ತರುವಾಯ ಕೊಲೆಹ್ಮೈನನ್ 2 ಗಂಟೆ 32 ನಿಮಿಷ 35.8 ಸೆಕೆಂಡಿಗೆ ಗುರಿ ಮುಟ್ಟಿದನು. ಅವನ ಬೆನ್ನಿಗೇ ಬಂದ ಲೋಸ್‌ಮನ್ ತೆಗೆದುಕೊಂಡ ಕಾಲ 2 ಗಂಟೆ 32 ನಿಮಿಷ 48.6 ಸೆಕೆಂಡು. ಅಂತರವು ಬರೇ 12.8 ಸೆಕೆಂಡು. ಅವನ ಸರಾಸರಿ ವೇಗದಿಂದ ಲೆಕ್ಕಹಾಕಿದರೆ ಅದು ಸುಮಾರು ಅರುವತ್ತು ಮೀಟರು ಮಾತ್ರ! ಮೂರನೆಯವನಾದ ಇಟಲಿಯ ವಲೇರಿಯೊ ಆರ್ರಿ ಬಂದು ಸೇರಿದುದು ಸುಮಾರು ನಾಲ್ಕು ನಿಮಿಷಗಳ ಅನಂತರ. ಸ್ವತಂತ್ರ ಎಸ್ಟೋನಿಯಾ ಪಡೆದ ಪ್ರಥಮ ಒಲಿಂಪಿಕ್ ಪದಕವು ಲೋಸ್‌ಮನ್ನನ ಆ ಬೆಳ್ಳಿಯೇ. ಕೆಲವು ದಿನಗಳಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಆಲ್ಫ್ರೆಡ್ ನೊಯ್ಲಾಂಡ್ ಚಿನ್ನವನ್ನೂ ತಂದನು.

ಅದೇ ಓಟದಲ್ಲಿ ಕನ್ನಡ ನಾಡಿನವನೊಬ್ಬನೂ ಓಡಿದ್ದನೆಂಬುದನ್ನು ನಮ್ಮ ವಾಚಕರು ಅರಿತಿರಬೇಕು. ಸರ್ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಆ ವರ್ಷ ಭಾರತದಿಂದಲೂ ತಂಡವೊಂದು ಹೋಗಿತ್ತು. ಅದರಲ್ಲಿದ್ದ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಟವನ್ನು ಪೂರೈಸಿ ಹತ್ತೊಂಬತ್ತನೆಯವರಾದರು.

1924ರ ಪ್ಯಾರಿಸ್ ಕೂಟದಲ್ಲಿ ಮೂವತ್ತಮೂರರ ವಯಸ್ಸಿನ ಲೋಸ್‌ಮನ್ ಮತ್ತೆ ಓಡಿ ಹತ್ತನೆಯ ಸ್ಥಾನವನ್ನು ಪಡೆದನು. ಮುಂದೆ ಆತನಿಗೆ ಬಂದ ಪರೀಕ್ಷೆ ಪಂದ್ಯದ ಬಯಲಿನದಲ್ಲ. 1940ರಲ್ಲಿ ಸೋವಿಯತ್ ರಷ್ಯವು ಎಸ್ಟೋನಿಯವನ್ನು ವಶಪಡಿಸಿಕೊಂಡಿತು. 1941ರಲ್ಲಿ ಜರ್ಮನ್ ಸೇನೆ ಬಂದಿತು. 1944ರಲ್ಲಿ ರಷ್ಯದ ಸೇನೆ ಮರಳಿತು. ಸಾವಿರಾರು ಜನರು ಸಮುದ್ರ ದಾಟಿ ಊರು ಬಿಟ್ಟರು. ಐವತ್ತಮೂರರ ಲೋಸ್‌ಮನ್ನನೂ ಸ್ವೀಡನ್ ದೇಶವನ್ನು ಸೇರಿದನು. ಅಲ್ಲಿಯೇ ನಾಲ್ವತ್ತು ವರ್ಷ ಬಾಳಿ, 1984ರ ಮೇ 1ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ರಜೆ ಸಿಕ್ಕಿದಾಗ ಹಿಂದಿರುಗಲು ಊರೊಂದಿದೆ. ಲೋಸ್‌ಮನ್ನನಿಗೆ ಆ ಭಾಗ್ಯವಿರಲಿಲ್ಲ. ಆತನು ಯಾವ ದೇಶದ ಹೆಸರಿನಲ್ಲಿ ಓಡಿದ್ದನೋ ಆ ದೇಶವೇ ಭೂಪಟದಿಂದ ಅಳಿಸಿಹೋಗಿತ್ತು. 1991ರಲ್ಲಿ ಎಸ್ಟೋನಿಯಾ ಪುನಃ ಸ್ವತಂತ್ರವಾಯಿತು. ಮರುವರ್ಷ ಬಾರ್ಸಿಲೋನ ಒಲಿಂಪಿಕ್ಕಿನಲ್ಲಿ ತನ್ನದೇ ಧ್ವಜದಡಿಯಲ್ಲಿ ನಡೆಯಿತು. ಅದನ್ನು ನೋಡಲು ಆ ಮುದುಕ ಉಳಿದಿರಲಿಲ್ಲ. ಆದರೆ ದೇಶವೇ ಇಲ್ಲದ ಆ ಐವತ್ತು ವರ್ಷಗಳಲ್ಲಿಯೂ, ಒಲಿಂಪಿಕ್ ದಾಖಲೆಯ 1920ರ ಪುಟದಲ್ಲಿ ಯೂರಿ ಲೋಸ್‌ಮನ್ನನ ಹೆಸರಿನ ಪಕ್ಕದಲ್ಲಿ ಎಸ್ಟೋನಿಯಾ ಎಂಬ ಹೆಸರು ಅಳಿಯದೆ ನಿಂತಿತ್ತು.